ಮನೆತನದ ಮೂಲವನ್ನು ಹುಡುಕುವ ಬಗೆ

ಕಳೆದ ವರ್ಷ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಪಾಠವನ್ನು ನಡುವೆ ನಿಲ್ಲಿಸಿ, "ನಿಮ್ಮಲ್ಲಿ ಎಷ್ಟು ಮಂದಿಗೆ ಮುತ್ತಾತನ ತಂದೆಯ ಹೆಸರು ಗೊತ್ತು? ಕೈಯೆತ್ತಿ" ಎಂದರು. ನಾವು ನಲವತ್ತಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳಿದ್ದೆವು. ಎದ್ದ ಕೈಗಳು ನಾಲ್ಕು. "ಮುತ್ತಜ್ಜಿಯ ತಾಯಿಯ ಹೆಸರು?" ಎಂದು ಮತ್ತೆ ಕೇಳಿದರು. ಆ ನಾಲ್ಕು ಕೈಗಳೂ ಮೆಲ್ಲನೆ ಕೆಳಗಿಳಿದವು. ಬಾಬರನ ತಂದೆ ಯಾರು, ಅಕ್ಬರನ ಮೊಮ್ಮಗ ಯಾರು ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಾವೆಲ್ಲರೂ ನಮ್ಮ ಮನೆಯ ವಿಷಯದಲ್ಲಿ ಮೂರು ತಲೆಯಾಚೆಗೆ ಬರಿಯ ಕತ್ತಲನ್ನೇ ಕಂಡೆವು.

ಅಂದಿನಿಂದ ನಾನು ನಮ್ಮ ಮನೆತನದ ಮೂಲವನ್ನು ಹುಡುಕುವ ಹುಚ್ಚಿಗೆ ಬಿದ್ದೆ. ನಮ್ಮೂರು ಚಿಕ್ಕಬಾಣಾವರ. ಯಶವಂತಪುರದಿಂದ ತುಮಕೂರಿನ ಕಡೆಗೆ ರೈಲಿನಲ್ಲಿ ಹೋದವರು ಆ ನಿಲ್ದಾಣವನ್ನು ನೋಡಿರುತ್ತಾರೆ. ನೆಲಮಂಗಲದ ಮೇಲೆ ಹಾಸನಕ್ಕೆ ಹೋಗುವ ದಾರಿ ಕವಲೊಡೆಯುವುದು ಅಲ್ಲಿಯೇ. ಕೆರೆ, ತೋಟ, ರಾಗಿಹೊಲಗಳಿದ್ದ ಊರು ಇಂದು ಬಡಾವಣೆಗಳ ಊರಾಗಿದೆ. ಹೊಲ ಹೋದಂತೆ ಹೊಲದ ಜೊತೆಗಿದ್ದ ನೆನಪೂ ಹೋಗುತ್ತಿದೆ. ನನ್ನ ಹುಡುಕಾಟ ಇನ್ನೂ ಮುಗಿದಿಲ್ಲ. ಆದರೆ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಿದರೆ ಏನು ಸಿಕ್ಕುವುದಿಲ್ಲ ಎಂಬುದು ಸ್ವಲ್ಪಮಟ್ಟಿಗೆ ತಿಳಿದಿದೆ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಹುಚ್ಚು ಅತಿಯಾಗಿರುವ ದೇಶವೆಂದರೆ ಅಮೆರಿಕ. ಬೇರೆ ಕಡೆಯಿಂದ ಬಂದು ನೆಲೆಸಿದವರಿಗೆ ಮೂಲದ ಚಿಂತೆ ಹೆಚ್ಚು. ಅಲ್ಲಿನ ಲಕ್ಷಾಂತರ ಕುಟುಂಬಗಳು ತಮ್ಮ ಹಿರಿಯರನ್ನು ಸ್ಕಾಟ್ಲೆಂಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಹುಡುಕುತ್ತವೆ. ಇವರಲ್ಲಿ ಅನೇಕರ ಪೂರ್ವಿಕರದು ಎರಡು ಹಂತದ ವಲಸೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ಐರ್ಲೆಂಡಿನ ಉತ್ತರಭಾಗವಾದ ಅಲ್ಸ್ಟರಿನಲ್ಲಿ ಸ್ಕಾಟ್ಲೆಂಡಿನ ಒಕ್ಕಲುಗಳನ್ನು ನೆಲೆಗೊಳಿಸಿದ. ಅಲ್ಲಿ ನಾಲ್ಕಾರು ತಲೆಮಾರು ಬಾಳಿದವರು ಗೇಣಿಯ ಏರಿಕೆ, ಬೆಳೆಯ ನಾಶ, ಮತದ ಕಟ್ಟುಪಾಡುಗಳನ್ನು ತಾಳಲಾರದೆ 1718ರಿಂದೀಚೆಗೆ ಗುಂಪುಗುಂಪಾಗಿ ಅಮೆರಿಕದ ಹಡಗು ಹತ್ತಿದರು. ಆ ದೇಶದ ಏಳನೆಯ ಅಧ್ಯಕ್ಷನಾದ ಆಂಡ್ರೂ ಜಾಕ್ಸನ್ ಹುಟ್ಟಿದ್ದು 1767ರಲ್ಲಿ. ಅವನ ತಂದೆತಾಯಿಗಳು ಅಲ್ಸ್ಟರ್ ಬಿಟ್ಟು ಬಂದು ಆಗ ಎರಡೇ ವರ್ಷವಾಗಿತ್ತು.

ಇವರ ಹುಡುಕಾಟಕ್ಕೆ ನೆರವಾಗುವ ದಾಖಲೆಗಳು ಬಹಳ. ಸ್ಕಾಟ್ಲೆಂಡಿನ ಚರ್ಚುಗಳಲ್ಲಿ ನಾಮಕರಣ, ಮದುವೆಗಳ ಪುಸ್ತಕಗಳಿವೆ. 1855ರಿಂದ ಸರ್ಕಾರವೇ ಜನನ ಮರಣಗಳನ್ನು ಬರೆದಿಟ್ಟಿದೆ. ಹೆಸರುಗಳೂ ದಾರಿ ತೋರುತ್ತವೆ. 'ಮ್ಯಾಕ್' ಎಂದರೆ ಮಗ, 'ಓ' ಎಂದರೆ ಮೊಮ್ಮಗ ಅಥವಾ ಸಂತತಿಯವನು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ಸ್ಕಾಟರಲ್ಲಿತ್ತು. ಇದನ್ನು ಓದಿದಾಗ ನನಗೆ ನಗು ಬಂತು, ಏಕೆಂದರೆ ನಮ್ಮ ಮನೆಯಲ್ಲಿಯೂ ತಾತನ ಹೆಸರೇ ಮೊಮ್ಮಗನಿಗೆ. ಬೆಂಗಳೂರಿನ ಉತ್ತರದ ಹಳ್ಳಿಗಳಲ್ಲಿ ಮುನಿಯಪ್ಪ, ಮುನಿಯಮ್ಮ, ಮುನಿಶಾಮಪ್ಪ ಎಂದು ಕೂಗಿದರೆ ಬೀದಿಗೆ ಒಬ್ಬರಾದರೂ ತಿರುಗಿ ನೋಡುತ್ತಾರೆ. ಒಂದೇ ಹೆಸರು ತಲೆ ಬಿಟ್ಟು ತಲೆಗೆ ಮರಳಿ ಬರುವುದರಿಂದ, ಹಳೆಯ ಕಾಗದದಲ್ಲಿ ಕಂಡ ಹೆಸರು ಮುತ್ತಾತನದೋ ಅವನ ತಾತನದೋ ಎಂದು ತಿಳಿಯದೆ ನಾನು ಒಂದು ವಾರ ಒದ್ದಾಡಿದ್ದುಂಟು.

ಐರ್ಲೆಂಡಿನ ಕಡೆಗೆ ತಿರುಗಿದರೆ ಕಥೆ ದುಃಖದ್ದು. 1922ರ ಜೂನ್ ತಿಂಗಳ ಕೊನೆಯಲ್ಲಿ, ಅಲ್ಲಿನ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ ನಗರದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟಗೊಂಡು ಸುಟ್ಟುಹೋಯಿತು. ಹಿಂದಿನ ಶತಮಾನದ ಜನಗಣತಿಯ ಹಾಳೆಗಳು, ಮರಣಶಾಸನಗಳು, ಚರ್ಚಿನ ಪುಸ್ತಕಗಳು ಬೂದಿಯಾಗಿ ನಗರದ ಮೇಲೆ ಹಾರಿದವು. ಇನ್ನು ಅಮೆರಿಕದಲ್ಲಿಯೇ ನಡೆದ ಗಣತಿಯನ್ನು ನೋಡೋಣ. 1790ರ ಮೊದಲ ಗಣತಿಯಲ್ಲಿ ಬರೆದದ್ದು ಮನೆಯ ಯಜಮಾನನ ಹೆಸರೊಂದನ್ನೇ. ಹೆಂಡತಿ ಮಕ್ಕಳು ಬರಿಯ ಅಂಕೆಗಳು. ಮನೆಯವರೆಲ್ಲರ ಹೆಸರನ್ನು ಬರೆಯತೊಡಗಿದ್ದು 1850ರಲ್ಲಿ. ಆಗಲೂ ಗುಲಾಮರ ಹೆಸರಿಲ್ಲ. ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಬಣ್ಣ ಮಾತ್ರ. ದಾಖಲೆ ಸುಟ್ಟುಹೋಗುವುದು ಒಂದು ಬಗೆ, ಬರೆಯದೆಯೇ ಬಿಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬೆಂಕಿಯೂ ಬೇಕಾಗಿಲ್ಲ.

ನಮ್ಮ ಜನಗಣತಿಯಿಂದ ಈ ಕೆಲಸಕ್ಕೆ ಉಪಯೋಗವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಸೂರು ಸೀಮೆಯಲ್ಲಿ ಕ್ರಮವಾದ ಗಣತಿ 1871ರಲ್ಲಿ ಆರಂಭವಾದರೂ ನಮಗೆ ದೊರೆಯುವುದು ಒಟ್ಟು ಲೆಕ್ಕಗಳೇ ಹೊರತು ಮನೆಮನೆಯ ಹಾಳೆಗಳಲ್ಲ; 1948ರ ಕಾನೂನಿನ ಪ್ರಕಾರ ಅವು ಗೋಪ್ಯ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಹಿಂದಿನವರ ಹುಟ್ಟಿದ ದಿನವನ್ನು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಷ", "ಪ್ಲೇಗು ಬಂದು ಊರು ಬಿಟ್ಟಾಗ" ಎಂಬ ಉತ್ತರ ಸಿಕ್ಕುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆ ಒಂದು ಮಾತಿನಿಂದ ನನಗೆ ನನ್ನ ಮುತ್ತಾತನ ವಯಸ್ಸು ಹೆಚ್ಚುಕಡಮೆ ತಿಳಿಯಿತು.

ಹಾಗಾದರೆ ನಮ್ಮಲ್ಲಿ ಮೂಲವನ್ನು ಹೇಳುವುದು ಯಾವುದು? ಎಲ್ಲಕ್ಕೂ ಮೊದಲು ಮನೆದೇವರು. ನಮಗೆ ಮನೆತನದ ಹೆಸರು ಇರಲಿಕ್ಕಿಲ್ಲ, ಹೆಸರಿನ ಮುಂದೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರಗಳಷ್ಟೇ ಇರಬಹುದು. ಆದರೆ ಮನೆದೇವರಿಲ್ಲದ ಮನೆಯಿಲ್ಲ. ಮನುಷ್ಯ ಊರು ಬಿಟ್ಟರೂ ದೇವರನ್ನು ಬಿಡುವುದಿಲ್ಲ. ಇರುವ ಊರು ಒಂದು, ಮಗುವಿನ ಮುಡಿ ಕೊಡಲು ಹೋಗುವ ಊರು ಮತ್ತೊಂದು ಎಂದಾದರೆ, ಎರಡನೆಯ ಊರಿನ ಸುತ್ತಮುತ್ತ ಎಲ್ಲಿಯೋ ಹಿರಿಯರ ಒಲೆ ಉರಿದಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಆಮೇಲೆ ಬೆಡಗು ಅಥವಾ ಗೋತ್ರ. ಇದು ಮದುವೆಗಾಗಿ ಉಳಿದುಕೊಂಡ ನೆನಪು. ಒಂದೇ ಬೆಡಗಿನ ಗಂಡುಹೆಣ್ಣುಗಳಿಗೆ ಮದುವೆಯಿಲ್ಲವಾದ್ದರಿಂದ ಅದನ್ನು ಮರೆಯುವಂತಿಲ್ಲ. ಹೀಗೆ ನೋಡಿದರೆ ನಮ್ಮವರು ಕುತೂಹಲಕ್ಕಾಗಿ ಏನನ್ನೂ ನೆನಪಿಟ್ಟವರಲ್ಲ. ಮುಡಿ ಕೊಡಬೇಕು, ಹೆಣ್ಣು ತರಬೇಕು, ಪಾಲು ಮಾಡಬೇಕು ಎಂಬ ಅಗತ್ಯಗಳಿಗಾಗಿ ನೆನಪಿಟ್ಟರು. ಯಾವ ನೆನಪು ಯಾವ ಅಗತ್ಯಕ್ಕೆ ಹುಟ್ಟಿತೆಂದು ತಿಳಿಯದೆ ಹುಡುಕಲು ಹೊರಟರೆ ಮೋಸ ಹೋಗುತ್ತೇವೆ.

ನಮ್ಮ ಸೀಮೆಯಲ್ಲಿ ಅಮೆರಿಕದವರ ಹಡಗಿನ ಕಥೆಗೆ ಸಮನಾದುದೊಂದು ಗಾಡಿಯ ಕಥೆಯಿದೆ. ಕೋಲಾರದಿಂದ ಬೆಂಗಳೂರಿನ ಉತ್ತರದವರೆಗಿನ ಪ್ರದೇಶಕ್ಕೆ ಮೊರಸುನಾಡು ಎಂದು ಹಳೆಯ ಹೆಸರು. ಅಲ್ಲಿನ ಮೊರಸು ಒಕ್ಕಲಿಗರ ಐತಿಹ್ಯ ಹೀಗಿದೆ: ಕಂಚಿಯ ಕಡೆಯ ಊರೊಂದರಲ್ಲಿದ್ದ ರಣಭೈರೇಗೌಡನೂ ಅವನ ಬಂಧುಗಳೂ, ತಮ್ಮ ಮನೆಯ ಹುಡುಗಿಯನ್ನು ಬಲವಂತದಿಂದ ಮದುವೆಯಾಗಬಯಸಿದ ಒಡೆಯನಿಗೆ ಹೆದರಿ, ರಾತ್ರೋರಾತ್ರಿ ಗಾಡಿ ಹೂಡಿಕೊಂಡು ಹೊರಟರು. ದಾರಿಯಲ್ಲಿ ಪಾಲಾರ್ ಹೊಳೆ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮನೆಂಬ ಆ ಹುಡುಗಿ ಗಂಗೆಯನ್ನು ಬೇಡಿ ಕಿವಿಯ ಓಲೆಯನ್ನು ಹೊಳೆಗೆ ಹಾಕಿದಳು. ಹೊಳೆ ದಾರಿ ಬಿಟ್ಟಿತು. ಗಾಡಿಗಳು ಬಂದು ನಿಂತದ್ದು ದೇವನಹಳ್ಳಿಯ ಬಳಿಯ ಆವತಿಯಲ್ಲಿ. ಇದು ಸುಮಾರು ಹದಿನೈದನೆಯ ಶತಮಾನದ ಆದಿಭಾಗವೆನ್ನುತ್ತಾರೆ. ಅಲ್ಲಿಂದ ಈ ಮನೆತನಗಳು ಕವಲೊಡೆದು ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಯಲಹಂಕಗಳಲ್ಲಿ ನಾಡಪ್ರಭುಗಳಾದುವು. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡ ಯಲಹಂಕದ ಕವಲಿನವನು.

ಇದು ನಿಜವೇ ಎಂದು ಕೇಳಬಹುದು. ಹೊಳೆ ದಾರಿ ಬಿಟ್ಟದ್ದು ಐತಿಹ್ಯ. ಯಲಹಂಕದ ಪ್ರಭುಗಳು ಆಳಿದ್ದು ಶಾಸನಗಳಿರುವ ಚರಿತ್ರೆ. ಇವೆರಡರ ನಡುವಣ ಬೆಸುಗೆಯೇ ಕಷ್ಟ. ಆದರೆ ಈ ಕಥೆಯನ್ನು ಹೇಳುವ ಎಲ್ಲರೂ ಭೈರೇಗೌಡರ ಮಕ್ಕಳಲ್ಲವೆಂಬುದಂತೂ ಖಂಡಿತ. ಗಾಡಿಗಳು ಬರುವ ಮೊದಲೇ ಈ ನೆಲದಲ್ಲಿ ಜನರಿದ್ದರು. ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನೆಂಬ ವೀರನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಆವತಿಯ ಗಾಡಿಗಳಿಗಿಂತ ಆರುನೂರು ವರ್ಷಗಳಿಗೂ ಹಿಂದಿನದು. ಆಗ ಊರಿನ ಬದುಕಿಗಾಗಿ ಸತ್ತವರ ಮೊಮ್ಮಕ್ಕಳು ಎಲ್ಲಿ ಹೋದರು? ಬಹುಶಃ ಎಲ್ಲಿಯೂ ಹೋಗಿರಲಿಕ್ಕಿಲ್ಲ. ಬಂದವರ ಕಥೆ ದೊಡ್ಡದಾದಾಗ ಇದ್ದವರೂ ಅದನ್ನೇ ತಮ್ಮ ಕಥೆಯನ್ನಾಗಿ ಮಾಡಿಕೊಂಡಿರಬೇಕೆಂದು ನನ್ನ ಅಭಿಪ್ರಾಯ. ವೀರಗಲ್ಲುಗಳನ್ನೂ ಶಾಸನಗಳನ್ನೂ ನೋಡಬೇಕೆನ್ನುವವರು ಬಿ. ಎಲ್. ರೈಸರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆಯಬೇಕು. ಪುಸ್ತಕ ದಪ್ಪ, ತಾಳ್ಮೆ ಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಸ್ಕಾಟ್ಲೆಂಡಿನ ಕೆಲವರು ಅಮೆರಿಕಕ್ಕೆ ಹಡಗು ಹತ್ತಿದರೆ ಮತ್ತೆ ಕೆಲವರು ಹಿಂದೂಸ್ಥಾನಕ್ಕೆ ಹತ್ತಿದರು. ಹಾಗೆ ಬಂದವರಲ್ಲಿ ಇಬ್ಬರು ನಮ್ಮ ಮನೆತನಗಳ ಕಥೆಯನ್ನು ಬರೆದಿಟ್ಟರು. ಒಬ್ಬ, ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನ ಕಾಲಿನ್ ಮೆಕೆಂಜಿ. ಟಿಪ್ಪುವಿನ ಪತನದ ತರುವಾಯ ಮೈಸೂರಿನ ಮೋಜಣಿಗೆ ನಿಂತ ಈತ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರೂರ ಕೈಫಿಯತ್ತುಗಳನ್ನು, ಪಾಳೆಯಗಾರರ ವಂಶಾವಳಿಗಳನ್ನು ಸಂಗ್ರಹಿಸಿದ. ಇನ್ನೊಬ್ಬ, 1800ರಲ್ಲಿ ಈ ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್. ಯಾವ ಜಾತಿಯವರು ಏನು ಬೆಳೆಯುತ್ತಾರೆ, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂದೆಲ್ಲ ವಿಚಾರಿಸಿ ಬರೆದ ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ತಮ್ಮ ಊರಿನ ಅಜ್ಜಂದಿರ ಕಥೆಯನ್ನು ಬರೆಯುವಷ್ಟೇ ಶ್ರದ್ಧೆಯಿಂದ ಅವರು ನಮ್ಮದನ್ನು ಬರೆದರು. ಆದರೆ ಅವರು ಕೇಳಿದ್ದು ಗೌಡನನ್ನು, ಶಾನುಭೋಗನನ್ನು, ದೇವಸ್ಥಾನದ ಅರ್ಚಕನನ್ನು. ಕೂಲಿಯವನ ಗುಡಿಸಲಿನ ಬಾಗಿಲಲ್ಲಿ ನಿಂತು, "ನಿನ್ನ ತಾತ ಯಾವ ಊರಿನವನು?" ಎಂದು ಯಾರೂ ಕೇಳಿದಂತಿಲ್ಲ.

ಶಾನುಭೋಗನ ಹೆಸರು ಬಂತು. 1961ರ ಕಾನೂನು ಜಾರಿಗೆ ಬಂದು ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು ರದ್ದಾಗುವವರೆಗೆ ಊರಿನ ಲೆಕ್ಕವೆಲ್ಲ ಆ ಮನೆಯಲ್ಲಿತ್ತು. ಹಳೆಯ ಕಾಲದಲ್ಲಿ ಅವರು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಹಲಗೆಯಂಥ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಒರಸಿ ಮತ್ತೆ ಬರೆಯಬಹುದಾದ ಪುಸ್ತಕದಲ್ಲಿ ನಮ್ಮ ಹಿರಿಯರ ಹೊಲಗಳಿದ್ದುವೆಂದು ನೆನೆದರೆ ಸ್ವಲ್ಪ ಭಯವೇ ಆಗುತ್ತದೆ. 1863ರ ಸುಮಾರಿಗೆ ಮೈಸೂರು ಸೀಮೆಯ ಕಂದಾಯ ಮೋಜಣಿ ಆರಂಭವಾದ ಮೇಲೆ ಒಂದೊಂದು ಹೊಲಕ್ಕೂ ಸರ್ವೆ ನಂಬರು ಬಂತು. ನಮ್ಮಂಥವರಿಗೆ ಇದೇ ದೊಡ್ಡ ಊರುಗೋಲು. ಮನುಷ್ಯನ ಹೆಸರಿನಿಂದ ಹುಡುಕಬೇಡಿ, ಹೊಲದ ನಂಬರಿನಿಂದ ಹುಡುಕಿ. ಪಹಣಿಯಿಂದ ಮ್ಯುಟೇಷನ್ ಪುಸ್ತಕಕ್ಕೆ, ಅಲ್ಲಿಂದ ಹಳೆಯ ಖಾತೆಗೆ ಹಿಮ್ಮುಖವಾಗಿ ನಡೆದರೆ, ಒಬ್ಬ ಸತ್ತಾಗಲೆಲ್ಲ ಪೌತಿ ಖಾತೆಯಲ್ಲಿ ಇಂಥವನ ಮಗ ಇಂಥವನು ಎಂಬ ಸಾಲು ಸಿಕ್ಕುತ್ತದೆ. ನಾನು ಹೀಗೆ ನಾಲ್ಕು ತಲೆ ಹಿಂದಕ್ಕೆ ಹೋದೆ. ಹೊಲವಿಲ್ಲದವರಿಗೆ ಈ ದಾರಿಯೂ ಇಲ್ಲ. ತೋಟಿ, ತಳವಾರ ಮೊದಲಾದ ಕೆಲಸಗಳನ್ನು ಮಾಡಿದವರ ಹೆಸರು ಇನಾಮಿನ ಲೆಕ್ಕದಲ್ಲಿ ಸಿಕ್ಕುವುದುಂಟು. ನನ್ನ ಸಹಪಾಠಿಯೊಬ್ಬ ತನ್ನ ಮುತ್ತಾತನನ್ನು ಕಂಡದ್ದು ಹಾಗೆ. ಬರಿಯ ಕೂಲಿ ಮಾಡಿದವರ ಮೊಮ್ಮಕ್ಕಳಿಗೆ ಮನೆದೇವರೂ ಮುದುಕರ ಮಾತೂ ಮಾತ್ರ ಗತಿ.

ಬರೆದಿಟ್ಟ ವಂಶಾವಳಿಯನ್ನು ಹೊತ್ತು ಮನೆಬಾಗಿಲಿಗೇ ಬರುವವರೂ ನಮ್ಮ ನಾಡಿನಲ್ಲಿದ್ದಾರೆ. ಅವರೇ ಹೆಳವರು. ಉತ್ತರ ಕರ್ನಾಟಕದಲ್ಲಿ ಇವರು ಹೆಚ್ಚು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ತಮಗೆ ಸೇರಿದ ಒಕ್ಕಲುಮನೆಗಳ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಹಾಡಿದಂತೆ ಹೇಳುವುದು ಇವರ ವೃತ್ತಿ. ತಾಮ್ರಪಟ, ಓಲೆಗರಿ, ಕಾಗದದ ಪುಸ್ತಕಗಳು ಇವರಲ್ಲಿವೆ. ಯಾವ ಊರಿನಿಂದ ಬಂದರು, ಏಕೆ ಬಂದರು, ಬೆಡಗು ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಬಂದಾಗ ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ದವಸ, ಬಟ್ಟೆ, ಹಣ ಪಡೆದು ಹೋಗುತ್ತಾರೆ.

ಬೈಲಹೊಂಗಲದ ಕಡೆಯ ಗೆಳೆಯನೊಬ್ಬನ ಮನೆಗೆ ದಸರೆಯ ರಜೆಯಲ್ಲಿ ಹೋಗಿದ್ದಾಗ ನನಗೆ ಈ ಭಾಗ್ಯ ದೊರೆಯಿತು. ಹೆಳವರ ಮುದುಕರು ಜಗಲಿಯ ಮೇಲೆ ಕುಳಿತು ಗೆಳೆಯನ ಹಿರಿಯರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು. ನಾನು ಎಣಿಸುತ್ತ ಕುಳಿತಿದ್ದೆ, ಹನ್ನೊಂದು ತಲೆ. ಗೆಳೆಯನ ತಂದೆ, ಆ ಊರಿನಲ್ಲಿ ಬಿಗುಮಾನಕ್ಕೆ ಹೆಸರಾದವರು, ಕಣ್ಣೊರಸಿಕೊಂಡರು. ಪುಸ್ತಕದಲ್ಲಿ ಗೆಳೆಯನ ಹೆಸರೂ ಅವನ ತಮ್ಮನ ಹೆಸರೂ ಇದ್ದುವು. "ತಂಗಿಯರ ಹೆಸರು?" ಎಂದು ಕೇಳಿದೆ. ಮುದುಕರು ನಕ್ಕು, "ಹೆಣ್ಮಕ್ಕಳು ಕೊಟ್ಟ ಮನಿ ಹೆಳವನ ಕಡೆ ಹೋಗ್ತಾರ್ರಿ" ಎಂದರು. ಒಳಗಿನಿಂದ ಚಹಾ ತಂದ ಗೆಳೆಯನ ತಾಯಿ, "ಅಲ್ಲೇನ್ ಬರೀತಾರ್ರಿ ಅಜ್ಜಾರ? ಇಂಥವನ ಹೇಂತಿ ಅಂತ ಬರೀತಾರ, ಅಷ್ಟ" ಎಂದರು. ಮುದುಕರು ಅದಕ್ಕೆ ಉತ್ತರ ಕೊಡಲಿಲ್ಲ, ಚಹಾ ಕುಡಿದರು.

ಉತ್ತರ ಹಿಂದೂಸ್ಥಾನದ ಹರಿದ್ವಾರದ ಪಂಡಾಗಳ ಬಳಿಯೂ ಇಂಥ ಪುಸ್ತಕಗಳಿವೆ. ಯಾತ್ರೆಗೆ ಬಂದವನ ಊರು ಕೇಳಿ, ಆ ಊರಿನ ಬಹಿ ತೆಗೆದು, ಅವನ ತಾತ ಬಂದಾಗ ಬರೆಸಿದ ಹೆಸರನ್ನು ತೋರಿಸುತ್ತಾರೆ. ಅಮೆರಿಕದ ಯೂಟಾ ಪ್ರಾಂತದ ವಂಶಾವಳಿ ಸಂಘದವರು ಇವುಗಳ ಛಾಯಾಪ್ರತಿಗಳನ್ನು ತೆಗೆದಿದ್ದಾರೆ.

ಇನ್ನು ನಮ್ಮ ಮನೆಯ ವಿಷಯ. ಬರೆಯಬೇಕೋ ಬಾರದೋ ಎಂದು ಬಹಳ ಯೋಚಿಸಿದೆ. ಕೆರೆಯ ಕಡೆ ಉಳಿದಿದ್ದ ಸ್ವಲ್ಪ ಜಮೀನಿನ ಪಾಲುಪಾರಿಕತ್ತಿಗಾಗಿ ದೊಡ್ಡಪ್ಪ ವಂಶವೃಕ್ಷಕ್ಕೆ ಅರ್ಜಿ ಹಾಕಲು ಸಿದ್ಧರಾದರು. ವಂಶವೃಕ್ಷವೆಂದರೆ ವಾಚಕರಿಗೆ ತಿಳಿದಿರಬಹುದು: ಸತ್ತವರಿಗೆ ಯಾರು ಯಾರು ವಾರಸುದಾರರು ಎಂಬುದನ್ನು ಮರದ ಕೊಂಬೆಗಳಂತೆ ಬರೆದು, ಪ್ರಮಾಣಪತ್ರವಿಟ್ಟು, ನೆರೆಯವರ ಹೇಳಿಕೆ ಪಡೆದು ಕಂದಾಯ ಇಲಾಖೆಯಿಂದ ಪಡೆಯುವ ಕಾಗದ. ಆ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಬರೆದ ಒಂದು ವಂಶವೃಕ್ಷವಿತ್ತು. ದೊಡ್ಡಪ್ಪ ಟೈಪು ಮಾಡಿಸಿ ತಂದ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ತಾತನಿಗೆ ನಾಲ್ವರು ಮಕ್ಕಳು. ಹಾಳೆಯಲ್ಲಿ ಇಬ್ಬರು. ಇಬ್ಬರು ಅತ್ತೆಯರೂ ಇರಲಿಲ್ಲ.

"ಇದರಲ್ಲಿ ಅತ್ತೆಯವರ ಹೆಸರು ಬಿಟ್ಟುಹೋಗಿದೆ" ಎಂದೆ, ಟೈಪು ಮಾಡಿದವನ ತಪ್ಪೆಂದು ತಿಳಿದು. ದೊಡ್ಡಪ್ಪ ನನ್ನ ಮುಖ ನೋಡದೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಯ್ಯ. ಅವರ ಮದುವೆಗೆ ಮಾಡಬೇಕಾದ್ದೆಲ್ಲ ಮಾಡಿದೀವಿ" ಎಂದರು. ನಮ್ಮ ರಾಜ್ಯದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಬಂದ ತಿದ್ದುಪಡಿಗಳ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆಯೇ ಹಕ್ಕಿದೆಯೆಂದೂ, 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಅವಳಿಗೆ ಹುಟ್ಟಿನಿಂದಲೇ ಬಂದ ಹಕ್ಕೆಂದು ಸ್ಪಷ್ಟಪಡಿಸಿದೆಯೆಂದೂ ನಾನು ಓದಿದ್ದನ್ನೆಲ್ಲ ಹೇಳಿದೆ. ಹುಡುಗನ ಬಾಯಲ್ಲಿ ಕಾನೂನು ಯಾರಿಗೆ ಹಿಡಿಸುತ್ತದೆ? ಅಪ್ಪ ಮಾತಾಡಲಿಲ್ಲ. ಅಮ್ಮ ನನ್ನನ್ನು ಒಳಗೆ ಕರೆದು ಬೈದಳು. ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅಪ್ಪ ಆ ಹಾಳೆಯನ್ನು ತೆಗೆದುಕೊಂಡು ಹೋಗಿ, ನಾಲ್ಕು ಹೆಸರುಗಳನ್ನೂ ಹಾಕಿಸಿ ಹೊಸದಾಗಿ ಟೈಪು ಮಾಡಿಸಿ ತಂದರು. ದೊಡ್ಡಪ್ಪ ಅದಕ್ಕೆ ಇನ್ನೂ ಸಹಿ ಹಾಕಿಲ್ಲ. ಚಿಕ್ಕತ್ತೆಗೆ ವಿಷಯ ತಿಳಿದು, "ನನಗೆ ನೆಲ ಬೇಡ, ಹೆಸರು ಇರಲಿ" ಎಂದಳಂತೆ. ದೊಡ್ಡತ್ತೆ ಹಾಗೆ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಅಜ್ಜಿಯ ಬಳಿ ಕುಳಿತೆ. ಅಲ್ಲಿಯವರೆಗೆ ಅವಳನ್ನು ಕೇಳಿದ್ದು ತಾತನ ಕಡೆಯವರ ವಿಷಯವನ್ನೇ. ಅವಳ ತಾಯಿ, ಆ ತಾಯಿಯ ತಾಯಿ ಯಾರೆಂದು ಅಂದು ಮೊದಲ ಬಾರಿಗೆ ಕೇಳಿದೆ. ಅಜ್ಜಿ ಬೆರಳು ಮಡಿಸುತ್ತ ಹೇಳತೊಡಗಿದಳು. ತನ್ನ ತವರು ಹೆಸರಘಟ್ಟದ ಆಚೆ. ತನ್ನ ತಾಯಿಯ ತವರು ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿ. ಅವಳ ತಾಯಿಯನ್ನು ತಂದದ್ದು ದೇವನಹಳ್ಳಿಯ ಕಡೆಯಿಂದ. ಪೌತಿ ಖಾತೆಗಳಲ್ಲಿ ಗಂಡಸರ ಸಾಲು ನಾಲ್ಕು ತಲೆಯಿಂದಲೂ ಚಿಕ್ಕಬಾಣಾವರ ಬಿಟ್ಟು ಅಲ್ಲಾಡಿರಲಿಲ್ಲ; ಹೆಂಗಸರ ಸಾಲು ತವರಿನಿಂದ ತವರಿಗೆ ಹೊಲಗಳನ್ನು ದಾಟಿಕೊಂಡು ಆವತಿಯ ದಿಕ್ಕಿಗೆ ಹೋಗುತ್ತಿತ್ತು. ಮೂರು ಹೆಸರು ಬರೆದುಕೊಂಡೆ.

ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಹಿರಿಯ ಮಗಳಿಗೆ ಕಿವಿ ಚುಚ್ಚುವ ಮೊದಲು ತಾಯಿ ತನ್ನ ಬಲಗೈಯ ಎರಡು ಬೆರಳುಗಳ ತುದಿಯನ್ನು ದೇವರಿಗೆ ಒಪ್ಪಿಸುವ ಪದ್ಧತಿ ಹಿಂದೆ ಇತ್ತೆಂದು ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಉಳಿಯಿಂದ ಕತ್ತರಿಸುತ್ತಿದ್ದರಂತೆ. ಆ ಪದ್ಧತಿ ನಿಂತು ನೂರು ವರ್ಷಗಳ ಮೇಲಾಗಿದೆ. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೆ.

"ಅದರ ಹಿಂದಿನವಳ ಹೆಸರೇನಜ್ಜಿ?" ಎಂದೆ.

ಅಜ್ಜಿ ಬಹಳ ಹೊತ್ತು ಯೋಚಿಸಿದಳು. "ಹೆಸರು ಗೊತ್ತಿಲ್ಲ ಕಣಪ್ಪ. ಮುದ್ದೆ ಕಟ್ಟುವಾಗ ಬಲಗೈಲಿ ಎರಡು ಬೆರಳು ಮೊಂಡು ಕಾಣೋದಂತೆ. ನಮ್ಮಜ್ಜಿ ಹೇಳೋಳು."

ನೋಟ್‌ಬುಕ್ಕಿನ ನಾಲ್ಕನೆಯ ಸಾಲಿನಲ್ಲಿ ಅಷ್ಟನ್ನೇ ಬರೆದುಕೊಂಡಿದ್ದೇನೆ. ಬೇಸಗೆಯ ರಜೆಯಲ್ಲಿ ದೇವನಹಳ್ಳಿಯ ಕಡೆಗೆ ಹೋಗಿಬರಬೇಕು.